ತಂಪು ಖೋಲಿ

ಫುಡೆಂ ವಚ್ ಬಾಯ್, ಫುಡೆಂ ವಚ್ — ಮುಂದೆ ಹೋಗು ಅಂತ ಕಂಡಕ್ಟರ ಕೂಗಿದರೆ ಎಲ್ಲಿಗೆ ಹೋಗಬೇಕೋ ಯಪ್ಪಾ, ಮುಂದೆ ಒಬ್ಬನ ಬೆವರಿದ ಬೆನ್ನು, ಬೆನ್ನಿನಾಚೆ ಒಬ್ಬಾಕೆಯ ಮೀನಿನ ಬುಟ್ಟಿ, ಬುಟ್ಟಿಯಾಚೆ ಡ್ರೈವರನ ನೆತ್ತಿಯ ಮೇಲೆ ತೂಗುವ ಬಾಡಿದ ಚೆಂಡುಹೂವಿನ ಮಾಲೆ, ಅಲ್ಲಿಗೆ ಬಸ್ಸು ಮುಗಿಯಿತು, ಪಣಜಿಯಿಂದ ವಾಸ್ಕೊಗೆ ಹೋಗುವ ಈ ಖಾಸಗಿ ಬಸ್ಸಿನವರು ಜನರನ್ನು ಒಯ್ಯುವುದಿಲ್ಲ, ಚೀಲಕ್ಕೆ ಹತ್ತಿ ತುಂಬಿದ ಹಾಗೆ ಗುದ್ದಿ ಗುದ್ದಿ ತುಂಬಿಕೊಂಡು ಹೋಗುತ್ತಾರೆ, ಸಿಗ್ನಲ್ಲಿನಲ್ಲಿ ನಿಲ್ಲುತ್ತಾರೆ, ನಿಲ್ದಾಣವಲ್ಲದ ಕಡೆಯೂ ನಿಲ್ಲುತ್ತಾರೆ, ಇವತ್ತಾದರೂ ಎಲ್ಲೂ ನಿಲ್ಲಿಸಬೇಡಿರೋ — ನಂದಾ ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದರಲ್ಲಿ ಬಿಸಿಯಾದ ಫೋನು ಹಿಡಿದು ನಿಂತಿದ್ದಾಳೆ, ಫೋನಿನೊಳಗೆ ಅವ್ವನ ಜೊತೆ ಕೆಲಸ ಮಾಡುವ ಸಕೀನಾ ಚಾಚಿ ಮಾತು ಮುಗಿಸಿ ಎಷ್ಟೋ ಹೊತ್ತಾಯಿತು, ಕಿವಿಯೊಳಗೆ ಮಾತ್ರ ಇನ್ನೂ ಮುಗಿದಿಲ್ಲ. ಏ ನಂದಾ, ನಿಮ್ಮವ್ವ ಊಟಕ್ಕ ಬರಲೇ ಇಲ್ಲಲ್ಲ, ಡಬ್ಬಿ ಹಂಗ ಐತಿ, ಏನೋ ಕೆಲಸಾ ಹಚ್ಚೀಯಂತ ಆಕಿಗೆ, ನಿನ್ನ ಪರೀಕ್ಷಾದ ಪ್ರಾಜೆಕ್ಟ ನಮ್ಮ ಗುಳಿಗಿ ಕಂಪನ್ಯಾಗನ ಐತಂತಲ್ಲ, ತಂಪು ಖೋಲ್ಯಾಗ ಒಂದ ಸಣ್ಣ ಕಡ್ಡಿ ಚುಚ್ಚಿ ಬರಬೇಕಂತ, ಅಲ್ಲಿನ ಸಾಹೇಬ್ರು ಚಾ ಕುಡ್ಯಾಕ ಹೋದಾಗ ಮಾಡಬೇಕಂತ, ಕಡ್ಡೀನೂ ಯಾರೋ ಗಾಡೀ ಮ್ಯಾಲೆ ಬಂದು ಗೇಟಿನ್ಯಾಗ ಕೊಟ್ಟು ಹೋದ್ರು, ನನ್ನ ಮಗಳ ದೊಡ್ಡ ಸಾಹೇಬತಿ ಆಗ್ತಾಳ ಅಂತ ನಿಮ್ಮವ್ವ ಒಂದ ಸವನ ನಗಾಕತ್ತಿದ್ಳು. ಚಾಚೀ, ನಾ ಫೋನ್ ಮಾಡಿಲ್ಲ, ಮುಂಜಾನಿಂದ ಲ್ಯಾಬಿನ್ಯಾಗ ಅದೀನಿ ಅಂದರೆ ಚಾಚಿ ನಕ್ಕಳು, ಅಯ್ಯ, ಚಾಷ್ಟಿ ಮಾಡಬ್ಯಾಡ, ಸ್ಪೀಕರ್ ಮ್ಯಾಲೆ ಇತ್ತು, ನಿನ್ನ ದನಿ ನನಗ ತಿಳಿಯಂಗಿಲ್ಲೇನ. ಹೋಗಿ ಅವ್ವನ್ನ ನಿಂದ್ರಸು ಚಾಚೀ ಅಂದರೆ, ಹೆಂಗ ಹೋಗ್ಲೆವ್ವಾ, ನನ್ನ ಪಾಳಿ ಮುಗದು ಮನಿಗೆ ಬಂದೀನಿ, ಪಾಳಿ ಮುಗದವ್ರನ್ನ ಗೇಟಿನ್ಯಾಗ ಬಿಡಂಗಿಲ್ಲ. ಚೀಲವನ್ನೂ ಲ್ಯಾಪ್‌ಟಾಪನ್ನೂ ಮೇಜಿನ ಮೇಲೆಯೇ ಬಿಟ್ಟು ನಂದಾ ಓಡಿ ಬಂದು ಈ ಬಸ್ಸು ಹತ್ತಿದ್ದಾಳೆ.

ತಂಪು ಖೋಲಿ ಅಂದರೆ ಅವ್ವನ ಭಾಷೆಯಲ್ಲಿ ಸರ್ವರ್ ರೂಮು. ಸಾಂಕೋಲೆಯ ಆ ಗುಳಿಗೆ ಕಂಪನಿಯಲ್ಲಿ ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಅದೊಂದು ಕೋಣೆಯಲ್ಲಿ ಏಸಿ ಆರುವುದಿಲ್ಲ, ಅಲ್ಲಿ ನೆಲ ಒರೆಸೂದಂದ್ರ ನನಗ ಭಾಳ ಸೇರತೈತಿ ನೋಡು, ಹಬ್ಬಕ್ಕ ತವರಿಗೆ ಹೋದಂಗ ಆಗತೈತಿ ಅನ್ನುತ್ತಾಳೆ ಅವ್ವ, ಲಕ್ಷ್ಮವ್ವ, ಕಂತ್ರಾಟಿನ ಕಸ ಹೊಡೆಯುವಾಕೆ, ಯಂತ್ರಗಳ ಸಣ್ಣ ಸಣ್ಣ ದೀಪ ನೋಡುತ್ತ ಒಂದು ಗಳಿಗೆ ಹೆಚ್ಚಿಗೆ ನಿಲ್ಲುತ್ತಾಳಂತೆ, ಕಂಪನಿಯ ಸೂತ್ರಗಳು, ಲೆಕ್ಕಗಳು, ಸಾವಿರಾರು ಜನ ನುಂಗುವ ಗುಳಿಗೆಯ ಅಳತೆಗಳು ಎಲ್ಲ ಆ ದೀಪದ ಹಿಂದೆ ಇವೆ ಅಂತ ಅವಳಿಗೆ ಗೊತ್ತಿಲ್ಲ, ಗೊತ್ತಿರುವವರು ಬೇರೆ ಇದ್ದಾರೆ, ಆ ಕಡ್ಡಿ, ಪೆನ್ ಡ್ರೈವು, ಒಂದು ಸಲ ಯಂತ್ರದ ಬಾಯಿಗೆ ಹೊಕ್ಕರೆ ಮುಂದಿನದನ್ನು ಅವರು ದೂರ ಕುಳಿತು ನೋಡಿಕೊಳ್ಳುತ್ತಾರೆ, ಆಮೇಲೆ ವಿಚಾರಣೆ ನಡೆಯುತ್ತದೆ, ಕ್ಯಾಮೆರಾ ನೋಡುತ್ತಾರೆ, ಕ್ಯಾಮೆರಾದಲ್ಲಿ ಯಾರು ಕಾಣುತ್ತಾರೆ, ಫೋನಿನಲ್ಲಿ ಮಾತಾಡಿದವರು ಕಾಣುವುದಿಲ್ಲ, ಬಕೀಟು ಹಿಡಿದವಳು ಕಾಣುತ್ತಾಳೆ. ಘಾಂಟಿ ಹೆಂಗಸು, ಅಂತಾರೆ. ಘಟ್ಟದ ಮೇಲಿನಿಂದ ಬಂದವರು ಹಿಂಗೇ, ಅಂತಾರೆ. ಅವ್ವನನ್ನು ಜೀಪಿಗೆ ಹತ್ತಿಸುವಾಗ ಅವಳು ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ, ನನ್ನ ಮಗಳ ಹೇಳಿದ್ಳ್ರಿ ಅನ್ನುತ್ತಾಳೆ, ಆಕಿ ಇದನ್ನ ಓದಾಕತ್ಯಾಳ್ರಿ ಅನ್ನುತ್ತಾಳೆ, ಹೆಮ್ಮೆಯಿಂದಲೇ ಅನ್ನುತ್ತಾಳೆ. ಥೂ, ಏನು ನೆನೆಸುತ್ತಿದ್ದೀಯೇ ನಂದಾ, ಇನ್ನೂ ಚಹಾದ ಹೊತ್ತಾಗಿಲ್ಲ.

ನಿನ್ನ ದನಿ ಯಾರು ಕದ್ದರು ಅಂತ ಕೇಳಿದರೆ ಏನು ಹೇಳುವುದು, ಕದಿಯಲಿಲ್ಲ ಸಾಹೇಬರೇ, ತಟ್ಟೆಯಲ್ಲಿಟ್ಟು ಕೊಟ್ಟೆ ಅನ್ನಬೇಕು. ಎಂ.ಎಸ್ಸಿ. ಸೈಬರ್ ಸೆಕ್ಯುರಿಟಿ, ಕೊನೆಯ ವರ್ಷ, ಪ್ರಾಜೆಕ್ಟು — ನಿಜವಾದ ದನಿ ಯಾವುದು, ಯಂತ್ರ ಮಾಡಿದ ದನಿ ಯಾವುದು ಅಂತ ಗುರುತಿಸುವ ಪ್ರೋಗ್ರಾಮು, ಇಂಗ್ಲಿಷು ಹಿಂದಿಯ ದನಿಗಳು ಬೇಕಾದಷ್ಟಿವೆ, ನೀವು ಮನೆಯಲ್ಲಿ ಆಡುವ ಕನ್ನಡ ಕೊಡಿ, ಅದು ಯಾರ ಹತ್ತಿರವೂ ಇಲ್ಲ ಅಂದರು ಸರ್, ನಮ್ಮ ಮಾತು ಯಾರ ಹತ್ತಿರವೂ ಇಲ್ಲ ಅಂತ ಜೀವನದಲ್ಲಿ ಮೊದಲ ಸಲ ಯಾರೋ ಮೆಚ್ಚಿ ಹೇಳಿದ್ದು, ಹಿಗ್ಗಿ ಹೀರೇಕಾಯಿಯಾದಳು, ಗೋಡೆಗೆ ಸ್ಪಂಜು ಹೊಡೆದ ಕೋಣೆಯೊಳಗೆ ಕುಳಿತು ಮಧ್ಯಾಹ್ನವೆಲ್ಲ ಮಾತಾಡಿದಳು, ಅವ್ವಾ ಊಟಾ ಮಾಡಿದೇನ, ಅಪ್ಪ ಬಂದ್ನೇನ, ಮಳಿ ಬಂತವ್ವಾ ಅರಬಿ ತಗಿ, ಸಿಟ್ಟಿನ ದನಿ ಬೇರೆ, ಅಳುವ ದನಿ ಬೇರೆ, ನಗುವ ದನಿ ಬೇರೆ, ಎಲ್ಲ ಸೇರಿಸಿ ಕೊಟ್ಟಳು, ಗಾಜಿನಾಚೆ ಹೆಡ್‌ಫೋನು ಹಾಕಿಕೊಂಡು ಕುಬೇರ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಕುಬೇರ. ಕ್ಲಾಸಿನಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ, ಪಕ್ಕದ ಓಣಿಯವನು, ಒಂದೇ ನಳದ ನೀರು ಕುಡಿದು ಬೆಳೆದವರು, ನಾವಿಬ್ಬರೂ ಕೆಲಸಾ ಹಿಡದು ತೋರಸೂಣಲೇ ನಂದೀ, ಹೆಲ್ಮೆಟ್ ಹಾಕ್ಕೊಂಡು ಕಾಂಕ್ರೀಟ್, ಕಲ್ಲಿದ್ದಲಾ ಹೊರೂದು ನಮ್ಮಪ್ಪಂದಿರಿಗೆ ಮುಗೀಲಿ ಅನ್ನುತ್ತಿದ್ದವನು, ಹೋದ ವಾರ ಕ್ಯಾಂಟೀನಿನಲ್ಲಿ ಪಾವು ಮುರಿಯುತ್ತ ನನಗ ಕೆಲಸಾ ಸಿಕ್ತು ಅಂದ, ಯಾವ ಕಂಪನಿಯೋ ಅಂದರೆ ಅದನ್ನ ಕೇಳಬ್ಯಾಡ ಅಂದ, ಕಣ್ಣು ಮೇಲೆತ್ತಲಿಲ್ಲ, ಆವತ್ತಿನಿಂದ ಕ್ಲಾಸಿಗೆ ಬಂದಿಲ್ಲ. ಅದಕ್ಕೂ ಮೊದಲು, ಸೆಮಿನಾರಿನ ದಿನ, ಮೊದಲ ಸಾಲಿನಲ್ಲೇ ಕುಳಿತಿದ್ದ, ಬೀಗ ಮುರಿಯುವ ಕಳ್ಳರಿಗೆ ಹೆದರಬೇಡಿ, ಎಲ್ಲ ಬಾಗಿಲ ಕಾರ್ಡೂ ಇರುವ, ಯಾರ ಕಣ್ಣಿಗೂ ಬೀಳದ ಕಸಗುಡಿಸುವವಳನ್ನು ನೋಡಿ, ಅವಳಿಗೆ ಅವಳ ಮನೆಯವರ ದನಿಯಲ್ಲಿ ಒಂದು ಫೋನು ಹೋದರೆ ಸಾಕು ಅಂತ ಗೋಡೆಯ ಮೇಲೆ ಚಿತ್ರ ಹಾಕಿ ತೋರಿಸಿದವಳು ನಂದಾ, ಚಪ್ಪಾಳೆ ಬಿತ್ತು, ಸರ್ ಎದ್ದು ನಿಂತು ಭೇಷ್ ಅಂದರು, ಆ ಕಸಗುಡಿಸುವವಳು ನನ್ನ ತಾಯಿ ಅಂತ ಅವಳು ಹೇಳಲಿಲ್ಲ, ಹೇಳದೆಯೇ ಗೊತ್ತಿದ್ದವನು ಒಬ್ಬನೇ, ಅವನೂ ಚಪ್ಪಾಳೆ ತಟ್ಟಿದ.

ಚಪ್ಪಾಳೆ ತಟ್ಟಿಸಿಕೊಂಡು ಮನೆಗೆ ಬಂದವಳಿಗೆ ಎದೆಯೊಳಗೆ ಏನೋ ಕುಟುಕಿತು, ಆ ಭಾನುವಾರ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಕುಳಿತು ಪಾಠ ಮಾಡಿದಳು, ಅವ್ವಾ, ನನ್ನ ದನ್ಯಾಗ ಯಾರರ ಮಾತಾಡಿದ್ರ ನಂಬಬ್ಯಾಡ, ಮೊದಲ ಗುರ್ತ ಕೇಳು. ಏನ್ ಗುರ್ತ? ತಿಪ್ಪವ್ವ ಅನ್ನೂದು. ಅವ್ವನ ಕೈ ರೊಟ್ಟಿಯ ಮೇಲೇ ನಿಂತುಬಿಟ್ಟಿತು, ಯವ್ವಾ, ಆ ಹೆಸರ ಹೊಸ್ತಿಲಾ ದಾಟಸಬ್ಯಾಡ — ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲ, ಇದಾದರೂ ಉಳಿಯಲಿ ಅಂತ ನಂದಾಳನ್ನು ಹುಟ್ಟಿದ ಕೂಡಲೇ ಊರಿನ ತಿಪ್ಪೆಯ ಮೇಲೆ ಮಲಗಿಸಿ, ಅಲ್ಲಿಂದ ಎತ್ತಿಕೊಂಡು ಬಂದು, ತಿಪ್ಪೆಗುಂಡಿಯಿಂದ ಬಂದದ್ದು ಅಂತ ಸಾವು ಮೂಗು ಮುಚ್ಚಿಕೊಂಡು ಹೋಗಲಿ ಅಂತ ಇಟ್ಟ ಹೆಸರು, ಗೋವಾಕ್ಕೆ ಬಂದು ಶಾಲೆಗೆ ಹಚ್ಚುವಾಗ ನಂದಾ ಆಯಿತು, ಹಳೆಯದು ಮನೆಯೊಳಗೆ ಉಳಿಯಿತು, ಅದೂ ಜ್ವರ ಬಂದಾಗ, ದೃಷ್ಟಿ ತೆಗೆಯುವಾಗ ಮಾತ್ರ, ನಾಚಿಕೆಯ ಹೆಸರೇ ಗಟ್ಟಿ ಪಾಸ್‌ವರ್ಡು, ಯಾರಿಗೂ ಹೇಳಿರುವುದಿಲ್ಲ, ಎಲ್ಲೂ ಬರೆದಿರುವುದಿಲ್ಲ, ಎಂಥ ಜಾಣೆ ನೀನು ನಂದಾ, ಎಂಥ ಪಂಡಿತೆ! ಕೊನೆಗೆ ಅವ್ವನೂ ಒಪ್ಪಿದಳು, ಖರೇ ಐತಿ, ಆ ಹೆಸರ ನಿನ್ನ ಉಳಿಸಿದ್ದು, ಅದು ಸುಳ್ಳ ಹೇಳಂಗಿಲ್ಲ. ಯಾರರ ಅದನ್ನ ಕೇಳಿಸಿಕೊಂಡ್ರ ಮತ್ತ ಹೊಸಾದ ಇಡಬೇಕವ್ವಾ ಅಂದರೆ, ಹಳೇ ಸೀರಿ ಕೊಟ್ಟು ಬೋಗುಣಿ ತಗೊಂಡಂಗ ಅಂತ ನಕ್ಕಳು. ಪರೀಕ್ಷೆ ಮಾಡೋಣ ಅಂತ ಕಾಲೇಜಿನ ಕಾರಿಡಾರಿನಿಂದಲೇ ಫೋನು ಹಚ್ಚಿದಳು ಈ ಜಾಣೆ, ಗುರ್ತ ಹೇಳು ಅಂದಳು ಅವ್ವ, ತಿಪ್ಪವ್ವ ಅಂದಳು ಇವಳು, ಹಿಂದೆ ಕುಬೇರ ನಿಂತಿದ್ದ, ತಿಪ್ಪವ್ವಾ, ಏ ತಿಪ್ಪವ್ವಾ ಅಂತ ಕಣ್ಣಲ್ಲಿ ನೀರು ಬರುವ ತನಕ ನಕ್ಕ, ಅವಳೂ ನಕ್ಕು ಅವನ ಬೆನ್ನಿಗೆ ಚೀಲದಿಂದ ಬಾರಿಸಿದಳು. ಬೇರೆ ಯಾರು ಕೇಳಿದ್ದರೂ ಅದೇನೆಂದು ತಿಳಿಯುತ್ತಿರಲಿಲ್ಲ. ಹೊಸ ಹೆಸರು ಇಡಬೇಕು ಅಂತ ಆಗ ಅವಳಿಗೆ ಹೊಳೆಯಲೇ ಇಲ್ಲ.

ಆಗಶಿ ದಾಟಿತು, ಫೋನು ಹಚ್ಚುತ್ತಲೇ ಇದ್ದಾಳೆ, ಹತ್ತಿತು, ರಿಂಗ್ ಆಗುತ್ತಿದೆ, ಎತ್ತವ್ವಾ ಎತ್ತು — ಹಲೋ, ಅಂದಳು ಅವ್ವ. ಅಬ್ಬಾ! ಅವ್ವಾ, ನಾ. ಅತ್ತಲಿಂದ ಬಕೀಟು ಕೆಳಗಿಟ್ಟ ಸದ್ದು. ಆಮೇಲೆ, ಗುರ್ತ ಹೇಳು. ನಂದಾ ಅತ್ತಿತ್ತ ನೋಡಿ ಅಂಗೈ ಅಡ್ಡ ಹಿಡಿದು ತಿಪ್ಪವ್ವ ಅಂದಳು, ಮೀನಿನಾಕೆ ತಿರುಗಿ ನೋಡಿದಳು, ನೋಡಲಿ. ಅದು ಹಳೇದಾತು, ಹೊಸಾದ ಹೇಳು ಅಂದಳು ಅವ್ವ. ಯಾವ ಹೊಸಾದವ್ವಾ? ನನ್ನ ಮಗಳ ಮುಂಜಾನಿ ಹೇಳ್ಯಾಳ, ಹಳೇ ನಂಬರಾ ಕಳುವಾಗೇತಿ, ಹಳೇ ಹೆಸರೂ ಕಳುವಾಗೇತಿ, ಆ ನಂಬರಿಲೆ ಯಾರೋ ನನ್ನ ದನ್ಯಾಗ ಅಳಕೋತ ಮಾತಾಡ್ತಾರ, ಮಾಡಬ್ಯಾಡ ಅಂತಾರ, ನಂಬಬ್ಯಾಡ ಅಂತ. ಅವ್ವಾ ನಾನ ಅದೀನಿ, ನಿನ್ನ ಕಾಲಿಗೆ ಬೀಳ್ತೇನಿ, ಆ ಕಡ್ಡಿ ಬಕೀಟಿನ್ಯಾಗ ಒಗೀ, ಮನಿಗೆ ನಡೀ — ಅಳು ಬಂದೇಬಿಟ್ಟಿತು, ಅಳಬಾರದಿತ್ತು, ಅಳುತ್ತಾರೆ ಅಂತ ಕುಬೇರ ಇವಳದೇ ದನಿಯಲ್ಲಿ ಮೊದಲೇ ಹೇಳಿಟ್ಟಿದ್ದಾನೆ. ನೀ ಯಾರವ್ವಾ? ಅಂದಳು ಅವ್ವ, ಸಿಟ್ಟಿಲ್ಲ, ಸಮಾಧಾನದಿಂದಲೇ ಅಂದಳು, ಯಾರ ಮಗಳರ ಇರು, ನಿನಗೂ ಹಡದಾಕಿ ಇರ್ತಾಳ, ಬಡವರ ಅನ್ನದಾಗ ಮಣ್ಣ ಹಾಕಬ್ಯಾಡ. ಕಟ್ಟಾಯಿತು. ಮತ್ತೆ ಹಚ್ಚಿದರೆ ಹೋಗಲೇ ಇಲ್ಲ, ಬ್ಲಾಕ್ ಮಾಡಿದ್ದಾಳೆ, ಕೆಂಪು ಗುಂಡಿ ಒತ್ತು ಅಂತ ಬೆರಳು ಹಿಡಿದು ಕಲಿಸಿದವಳೂ ಇವಳೇ. ಅವ್ವ ಒಂದು ತಪ್ಪೂ ಮಾಡಲಿಲ್ಲ, ಅಕ್ಷರ ಬರದವಳು ಹೇಳಿಕೊಟ್ಟದ್ದನ್ನೆಲ್ಲ ಒಂದು ಕೂದಲೂ ಅತ್ತಿತ್ತ ಮಾಡದೆ ಮಾಡಿದಳು. ನಂದಾಳಿಗೆ ಆ ಹೊತ್ತಿನಲ್ಲೂ ಅವ್ವನ ಮೇಲೆ ಅಭಿಮಾನ ಬಂತು.

ಸೇತುವೆ, ಜುವಾರಿ ನದಿ ಕೆಳಗೆ ಬೂದಿಬಣ್ಣಕ್ಕೆ ಬಿದ್ದುಕೊಂಡಿದೆ, ಯಾರೋ ಸೆಲ್ಫಿ ತೆಗೆಯುತ್ತಿದ್ದಾರೆ, ಈ ಲೋಕಕ್ಕೆ ಏನೂ ಆಗಿಲ್ಲ. ಕುಬೇರನ ಫೋನು ಬಂದ್. ಅಪ್ಪನ ಫೋನು ಎತ್ತುವವರಿಲ್ಲ, ಅಪ್ಪ, ಹುಲಿಗೆಪ್ಪ, ಬಂದರಿನಲ್ಲಿ ಕಲ್ಲಿದ್ದಲ ರಾಶಿಯ ನಡುವೆ ಇರುತ್ತಾನೆ, ಫೋನು ಶೆಡ್ಡಿನಲ್ಲಿ ಅಂಗಿಯ ಕಿಸೆಯಲ್ಲಿರುತ್ತದೆ. ಉಳಿದದ್ದು ಸೂಪರ್‌ವೈಸರನ ನಂಬರು, ಅವ್ವನಿಗೆ ಜ್ವರ ಬಂದಾಗ ರಜೆ ಕೇಳಲು ಇಟ್ಟುಕೊಂಡದ್ದು, ಒಂದು ಬೆರಳು ಒತ್ತಿದರೆ ಸಾಕು, ಸರ್ ಹೇಳಿಕೊಟ್ಟದ್ದೂ ಅದನ್ನೇ, ಅನುಮಾನ ಬಂದ ಕೂಡಲೇ ವರದಿ ಮಾಡಿ, ಮುಚ್ಚಿಡಬೇಡಿ, ತಮ್ಮವರು ಪರರು ಅಂತ ನೋಡಬೇಡಿ — ನೋಡಬೇಡಿ ಅಂದರೆ ಹೆಂಗ್ರಿ ಸರ್, ತಂಪು ಖೋಲಿಗೆ ಒಬ್ಬ ಹೆಂಗಸು ಕಡ್ಡಿ ಒಯ್ಯುತ್ತಿದ್ದಾಳೆ, ಹಿಡಿಯಿರಿ ಅಂದರೆ ಅವರು ಅವ್ವನ ರಟ್ಟೆ ಹಿಡಿದು ಎಳೆಯುತ್ತಾರೆ, ಮೋಸ ಹೋಗಿದ್ದಾಳೆ ಅಂದರೆ ಯಾರು ನಂಬುತ್ತಾರೆ, ಮಗಳು ಓದುವುದೇ ಇದನ್ನು, ಮಗಳದೇ ದನಿ, ಮಗಳದೇ ಸೆಮಿನಾರು. ಹೇಳದಿದ್ದರೆ ಅವ್ವ ಚುಚ್ಚಿಯೇ ಬಿಡುತ್ತಾಳೆ. ಸೋಮವಾರ ಸಂದರ್ಶನ ಇದೆ, ಬ್ಯಾಂಕಿನ ಕಂಪ್ಯೂಟರು ಕಾಯುವ ಕಂಪನಿ, ಮನೆಯವರ ಮೇಲೆ ಕೇಸು ಇದೆಯೇ ಅಂತ ವಿಚಾರಿಸುತ್ತಾರೆ — ಛೀ, ಈಗ ಅದನ್ನು ನೆನೆಸುತ್ತೀಯಲ್ಲೇ, ಹಾಳಾಗಿ ಹೋಗಲಿ ಆ ಕೆಲಸ, ನಿನ್ನ ನಾಲಿಗೆಗೆ ಹುಳ ಬೀಳಲಿ. ಕಿತೆಂ ಜಾಲೆಂ ಗೊ ಬಾಯ್, ಏನಾಯಿತು ಅಂತ ಮೀನಿನಾಕೆ ಕೇಳುತ್ತಿದ್ದಾಳೆ, ಫೋನಿಗಾಗಿ ಕೈ ಚಾಚಿದರೆ ತನ್ನ ಫೋನನ್ನೇ ಕೊಟ್ಟಳು ಪುಣ್ಯಾತ್ಗಿತ್ತಿ, ಮೀನಿನ ಪೊರೆ ಅಂಟಿದ ಫೋನು, ಅವ್ವನ ನಂಬರು ಒತ್ತಿದಳು, ಇದನ್ನು ಅವ್ವ ಬ್ಲಾಕ್ ಮಾಡಿರುವುದಿಲ್ಲ — ಬಿಜಿ. ಮತ್ತೆ ಒತ್ತಿದಳು, ಬಿಜಿ. ಅವ್ವ ಬೇರೆ ಯಾರ ಜೊತೆಯೋ ಮಾತಾಡುತ್ತಿದ್ದಾಳೆ. ಬೇರೆ ಯಾರ ಜೊತೆಯೂ ಅಲ್ಲ, ನಂದಾಳ ಜೊತೆ ಮಾತಾಡುತ್ತಿದ್ದಾಳೆ.

ಕುಠ್ಠಾಳಿ, ಇಳಿಯುವವರು ಇಳಿಯುತ್ತಲೇ ಇದ್ದಾರೆ, ಹತ್ತುವವರು ಹತ್ತುತ್ತಲೇ ಇದ್ದಾರೆ, ಲಗೂ ನಡಿಯೋ ನಿನ್ನ — ಏರಿ, ತಿರುವು, ಸಾಂಕೋಲೆಯ ಶೆಡ್ಡುಗಳು, ಗೇಟಿನ ಎದುರಿಗೇ ನಿಲ್ಲಿಸು ಅಂತ ಚೀರಿದರೆ ಅವನು ರಸ್ತೆಯ ಈಚೆ ದೂರಕ್ಕೆ ಒಯ್ದು ನಿಲ್ಲಿಸಿದ, ಇಳಿದಳು, ಹೆದ್ದಾರಿಯ ತುಂಬ ಲಾರಿಗಳು, ಬಿಡುವೇ ಇಲ್ಲ, ಕಂಪೌಂಡಿನಾಚೆ ಹೊಸ ಕಟ್ಟಡ, ಮೇಲಿನ ಮಾಳಿಗೆಯ ಉದ್ದಕ್ಕೂ ಗಾಜಿನ ಗೋಡೆ, ಗಾಜಿನ ಹಿಂದೆ ಸಾಹೇಬರು ಒಬ್ಬೊಬ್ಬರೇ ಎದ್ದು ಅತ್ತ ಹೋಗುತ್ತಿದ್ದಾರೆ, ಚಹಾ, ಚಹಾದ ಹೊತ್ತು, ಮತ್ತೆ ಅಲ್ಲಿ ನೀಲಿ ಕೋಟು, ಕೋಟಿನ ಕೆಳಗೆ ಸೀರೆಯ ಅಂಚು, ಪಕ್ಕದಲ್ಲಿ ಬಕೀಟು, ಅವ್ವ. ಅವ್ವಾ! ಲಾರಿ ಆ ಕೂಗನ್ನು ನುಂಗಿಕೊಂಡು ಹೋಯಿತು. ಆಗಲಿ, ಹಿಡಿಯಲಿ, ರಟ್ಟೆ ಹಿಡಿದಾದರೂ ಎಳೆಯಲಿ, ಜೀಪು ಬಂದರೆ ಇಬ್ಬರೂ ಹತ್ತುತ್ತೇವೆ ಅಂತ ಸೂಪರ್‌ವೈಸರನ ನಂಬರು ಒತ್ತಿ ಕಿವಿಗೆ ಹಿಡಿದಳು, ರಿಂಗ್ ಆಗುತ್ತಿದೆ, ಕಣ್ಣು ಮೇಲಿದೆ, ಅವ್ವನ ಕಿವಿಯಲ್ಲೂ ಫೋನಿದೆ, ಅವ್ವ ಕೇಳುತ್ತಿದ್ದಾಳೆ, ಕೇಳುತ್ತ ಕೇಳುತ್ತ ರಸ್ತೆಯ ಕಡೆ ತಿರುಗಿದಳು, ನೋಡಿದಳು, ಕಂಡಳು, ನಂದಾಳನ್ನೇ ಕಂಡಳು, ಮುಖ ಅರಳಿತು, ಮಗಳು, ತನ್ನ ಮಗಳೇ, ಬಿಸಿಲಿನಲ್ಲಿ ನಿಂತು ಕಿವಿಗೆ ಫೋನು ಹಿಡಿದು ಮಾತಾಡುತ್ತಿದ್ದಾಳೆ, ದನಿ ಕಿವಿಯೊಳಗೆ, ಮಗಳು ಕಣ್ಣೆದುರಿಗೆ, ಇನ್ನು ಯಾವ ಗುರುತು ಬೇಕು — ಅವ್ವ ತಲೆ ಆಡಿಸಿದಳು, ಹೂಂ ಅಂತ. ಹಲೋ, ಕೋಣ್ ಉಲಯ್ತಾ, ಯಾರು ಮಾತಾಡೋದು ಅಂತ ಸೂಪರ್‌ವೈಸರ ಕೇಳುತ್ತಿದ್ದಾನೆ, ನಂದಾ ಬಾಯಿ ತೆರೆದಳು, ತೆರೆದರೆ ಮೇಲೆ ಅವ್ವನಿಗೆ ಬಾಯಿ ಅಲುಗಾಡುವುದು ಕಾಣುತ್ತದೆ, ಮಾತಾಡಿದರೂ ಅದೇ, ಸುಮ್ಮನಿದ್ದರೂ ಅದೇ, ಫೋನು ಬಿಸಾಕು, ಬಿಸಾಕು, ಕೈ ಕಿವಿಯಿಂದ ಬರುತ್ತಿಲ್ಲ, ಇನ್ನೊಂದು ಕೈ ಎತ್ತಿ ಬ್ಯಾಡ ಬ್ಯಾಡ ಅಂತ ಬೀಸಿದರೆ ಮೇಲೆ ಅವ್ವನೂ ಕೈ ಬೀಸುತ್ತಾಳೆ, ಕೊರಳಿನ ಕಾರ್ಡು ಎತ್ತಿ ತೋರಿಸುತ್ತಾಳೆ, ತಲೆ ಆಡಿಸುತ್ತಾಳೆ, ಬಾಗಿಲ ಕಡೆ ತಿರುಗುತ್ತಾಳೆ, ಈಗ ಬೆನ್ನು ಮಾತ್ರ ಕಾಣುತ್ತಿದೆ, ಬೆನ್ನಿನ ಮೇಲೆ ಅವ್ವನ ತಲೆ, ಕಿವಿಗೂ ಹೆಗಲಿಗೂ ನಡುವೆ ಅವಚಿಕೊಂಡ ಫೋನು, ಹೂಂ ಯವ್ವಾ, ಹೂಂ, ತಲೆ ಆಡುತ್ತಿದೆ, ಹಲೋ, ಹಲೋ, ಲಾರಿ, ಮತ್ತೊಂದು ಲಾರಿ, ಲಾರಿ ಸರಿದ ಮೇಲೆ ಬಾಗಿಲು ಅರ್ಧ ತೆರೆದಿದೆ, ತಲೆ ಆಡುತ್ತಿದೆ, ಹೂಂ ಅಂತ, ಅವ್ವನ ತಲೆ ಆಡುತ್ತಿದೆ